ಅಳತೆ ಮೇಷ್ಟ್ರ ಕಪಾಟು

ಅವಳಿಗೆ ಸಿಡುಕಿ ಅಂತ ಅಡ್ಡಹೆಸರು ಇಟ್ಟವಳು ಅಜ್ಜಿಯೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ಕೂಸು, ಹಾಲು ಕೊಡುವುದು ತಡವಾದರೆ ಅಳುತ್ತಿರಲಿಲ್ಲ, ಗುರಾಯಿಸುತ್ತಿತ್ತು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಕಲ್ಲುಗಣಿಯ ಅಂಚಿನ ಸಾಲುಮನೆಗಳಲ್ಲಿ ಆ ಹೆಸರೇ ನಿಂತುಬಿಟ್ಟಿತು. ಸಿಡುಕಿ ಎಂ.ಎ. ಮುಗಿಸಿ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಾಗ ಅದು ಎಂಥ ಓದು ಎಂದು ಸಾಲುಮನೆಯವರಿಗೆ ತಲೆಬುಡ ತಿಳಿಯಲಿಲ್ಲ. ಮನುಷ್ಯರ ಬಗ್ಗೆ ಓದೋದು ಎಂದು ಅವಳು ಬಿಡಿಸಿ ಹೇಳಿದಳು. ಅದಕ್ಕೆ ಬಸ್ಸು ಹತ್ತಿ ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲಿ ನಾವೇನು ಕುರಿಗಳಾ ಎಂದು ಅಜ್ಜಿ ಕೇಳಿದ್ದಳು.

ವಿಭಾಗದ ನೆಲಮಹಡಿಯಲ್ಲಿ ಸದಾ ಬೀಗ ಹಾಕಿರುತ್ತಿದ್ದ ಒಂದು ಕೋಣೆ ಇತ್ತು. ವಿಭಾಗ ಕಟ್ಟಿದ ದೊಡ್ಡ ಪ್ರೊಫೆಸರ್ ತಮ್ಮ ಕಾಲದಲ್ಲಿ ಕೂಡಿಸಿಟ್ಟ ಸಾಮಾನುಗಳೆಲ್ಲ ಅದರಲ್ಲಿದ್ದವು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಭಾವಚಿತ್ರ ಮಾತ್ರ ಮೆಟ್ಟಿಲ ತಿರುವಿನಲ್ಲಿ ನಿಂತು, ಹತ್ತುವವರನ್ನೂ ಇಳಿಯುವವರನ್ನೂ ಒಂದೇ ಸಮನೆ ನೋಡುತ್ತಿತ್ತು. ಹಳೆಯ ಸಾಮಾನುಗಳ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸಬೇಕೆಂದು ಆ ವರ್ಷ ಆದೇಶ ಬಂತು. ಇಂಥ ಕತ್ತೆ ಚಾಕರಿ ಹೊಸದಾಗಿ ಸೇರಿದವರ ಪಾಲಿಗೇ ಬರುವುದು. ಕೋಣೆಯ ಉಸ್ತುವಾರಿ ಸಿಡುಕಿಯ ಗೈಡ್ ಮೇಡಂ ಕೈಯಲ್ಲಿತ್ತು. ಅವರು ಬೀಗದಕೈಯನ್ನು ಅವಳಿಗೆ ಕೊಟ್ಟು, ಧೂಳಿದೆ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರು.

ಗೋಡೆಯ ಕಪಾಟಿನಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಉಂಡೆಗಳಿದ್ದವು. ಬಿಚ್ಚಿದರೆ ಒಳಗೆ ಮುಖ. ಬದುಕಿದ್ದ ಮನುಷ್ಯರ ಮೇಲೆ ಪ್ಲಾಸ್ಟರ್ ಸುರಿದು ತೆಗೆದ ಅಚ್ಚು. ಬಿಳುಪು ಹಳದಿಗೆ ತಿರುಗಿತ್ತು. ಕಣ್ಣು ಮುಚ್ಚಿದ, ತುಟಿ ಬಿಗಿದ ಮುಖಗಳು. ಹಿಂಬದಿಯಲ್ಲಿ ಶಾಯಿಯಲ್ಲಿ ಒಂದು ಸಂಖ್ಯೆ, ಅದರ ಕೆಳಗೆ "ಗಣಿ ಮಾದರಿ, ಗಂಡು" ಅಥವಾ "ಗಣಿ ಮಾದರಿ, ಹೆಣ್ಣು". ಹೆಸರು ಯಾವುದಕ್ಕೂ ಇರಲಿಲ್ಲ. ಸಿಡುಕಿ ಒಂದೊಂದನ್ನೇ ಕಪ್ಪು ಬಟ್ಟೆಯ ಮೇಲಿಟ್ಟು ಫೋಟೊ ತೆಗೆಯುತ್ತಾ ಹೋದಳು. ಒಂದು ಹೆಣ್ಣುಮುಖ ಕೈಗೆ ಬಂದಾಗ, ಅಮ್ಮ ಇಲ್ಲಿಗೆ ಯಾಕೆ ಬಂದಳು ಎಂದು ಒಂದು ಕ್ಷಣ ಅನ್ನಿಸಿತು. ಅಮ್ಮ ಮಧ್ಯಾಹ್ನ ಹೊಲಿಗೆ ಮಿಷನ್ ಪಕ್ಕದಲ್ಲಿ ಒರಗಿ ಕಣ್ಣು ಮುಚ್ಚಿದಾಗ ಕಾಣುವ ಮುಖವೇ ಅದು. ಅದೇ ಗಲ್ಲ, ಅದೇ ಕೆಳತುಟಿ. ಆದರೆ ಎಡ ಹುಬ್ಬಿನ ನಡುವೆ ಸೀಳಿತ್ತು. ಆ ಸೀಳು ಅಮ್ಮನಿಗಿಲ್ಲ, ಅಜ್ಜಿಗಿದೆ. ಚಿಕ್ಕಂದಿನಲ್ಲಿ ಗಣಿಯಲ್ಲಿ ಕಲ್ಲಿನ ಚಕ್ಕೆ ಹಾರಿ ಬಡಿದದ್ದು. ಅವಳು ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಬ್ಬಿನ ಪ್ಲಾಸ್ಟರಿನಲ್ಲಿ ಒಂದು ಕೂದಲು ಹೂತುಕೊಂಡಿತ್ತು. ನಿಜವಾದ ಕೂದಲು.

ಮೈಯೆಲ್ಲ ಉರಿಯತೊಡಗಿತು. ಅವಳು ಹಾಗೇ ಎದ್ದು ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದಳು.

ಮುಖ್ಯಸ್ಥರು ಎಂದೂ ದನಿ ಏರಿಸದ ಮನುಷ್ಯ. ಬೈಯುವಾಗಲೂ ಹೊಗಳುತ್ತಿದ್ದಾರೇನೋ ಅನ್ನಿಸುವ ಹಾಗೆ ಮಾತಾಡುತ್ತಿದ್ದರು. ಸಿಡುಕಿ ಹೇಳಿದ್ದನ್ನು ಕೇಳಿ ಅವರ ಮುಖ ಅರಳಿತು. ಅಜ್ಜಿ ಇನ್ನೂ ಇದ್ದಾರಾ ಎಂದು ಎರಡೆರಡು ಸಲ ಕೇಳಿದರು. ಎಂಥ ಅಪರೂಪದ ಅವಕಾಶ, ನಿನ್ನ ವಿಷಯವನ್ನೇ ಬದಲಾಯಿಸಿಕೋ, ಸಂಗ್ರಹದಲ್ಲಿರುವ ವ್ಯಕ್ತಿಯ ಮೊಮ್ಮಗಳೇ ಅದರ ಬಗ್ಗೆ ಸಂಶೋಧನೆ ಮಾಡುವುದು ಎಲ್ಲೂ ನಡೆದಿರಲಿಕ್ಕಿಲ್ಲ ಎಂದರು. ಅದನ್ನು ಮನೆಗೆ ತೆಗೆದುಕೊಂಡು ಹೋಗಬೇಕು ಎಂದಳು ಸಿಡುಕಿ. ಅವರ ನಗು ಮಾಸಲಿಲ್ಲ. ಅದು ವಿಶ್ವವಿದ್ಯಾಲಯದ ಆಸ್ತಿ, ನಿಯಮ ಅಂತ ಒಂದಿದೆಯಲ್ಲ ಎಂದರು.

"ಸರ್, ಅದು ನಮ್ಮಜ್ಜಿ ಮುಖ."

"ಖಂಡಿತ. ಅದಕ್ಕೇ ಅದಕ್ಕಿಷ್ಟು ಬೆಲೆ."

ಅಲ್ಲಿಂದ ನೇರ ಗೈಡ್ ಮೇಡಂ ಕೋಣೆಗೆ ಹೋದಳು. ಗೈಡ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು, ತಲೆಯಾಡಿಸಿದರು, ಅವಳದು ನ್ಯಾಯ ಎಂದೂ ಒಪ್ಪಿದರು. ಆದರೆ ಕೋಪವನ್ನು ಅರ್ಜಿಯ ರೂಪದಲ್ಲಿ ಕೊಡು, ಸಮಿತಿಯ ಮುಂದೆ ಇಡೋಣ ಎಂದರು. ಸಮಿತಿ ಯಾವಾಗ ಸೇರುತ್ತದೆ ಎಂದರೆ ಅದು ಅವರಿಗೂ ತಿಳಿಯದು.

ಮನೆಯಲ್ಲಿ ಅಜ್ಜಿ ಕಿಟಕಿಯ ಹತ್ತಿರ ಕೂತು ಅಮ್ಮ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಸಿಡುಕಿ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಅಜ್ಜಿ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು, ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

"ಅಳತೆ ಮೇಷ್ಟ್ರು ಮಾಡಿದ್ದು ಇದು," ಎಂದಳು.

ಆ ಕಾಲದಲ್ಲಿ ಗಣಿಗೆ ಒಬ್ಬರು ಬರುತ್ತಿದ್ದರಂತೆ. ಇಕ್ಕಳದಂಥ ಒಂದು ಸಾಧನದಿಂದ ತಲೆ ಅಳೆಯುವುದು, ಮೂಗು ಅಳೆಯುವುದು, ಕಿವಿ ಅಳೆಯುವುದು. ಅದಕ್ಕೇ ಗಣಿಯವರು ಅವರಿಗೆ ಅಳತೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಅಂಗಿ ಹೊಲಿಸಿಕೊಡುತ್ತಾರೇನೋ ಎಂದು ಹುಡುಗಿಯರು ಹಿಂದಿನಿಂದ ನಗುತ್ತಿದ್ದರು. ಒಂದು ದಿನ ಗಣಿ ಕಂಟ್ರಾಕ್ಟರ್ ಕೆಲವರನ್ನು ಸಾಲಾಗಿ ನಿಲ್ಲಿಸಿದ. ಇವರು ಹೇಳಿದ ಹಾಗೆ ಕೇಳದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದ. ಅಜ್ಜಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಮಲಗಿಸಿ, ಮುಖಕ್ಕೆ ಎಣ್ಣೆ ಹಚ್ಚಿ, ಮೂಗಿನ ಹೊಳ್ಳೆಗಳಿಗೆ ಕೊಳವೆ ತುರುಕಿ, ಮೇಲೆ ಬಿಳಿ ಗಾರೆ ಸುರಿದರು. ಅದು ಗಟ್ಟಿಯಾಗುತ್ತಾ ಕಾವೇರತೊಡಗಿತು. ಜೀವಂತ ಹೂಳುತ್ತಿದ್ದಾರೆ ಎಂದುಕೊಂಡು ಅವಳು ಕಾಲು ಬಡಿದಳು. ಯಾರೋ ಕಾಲು ಹಿಡಿದುಕೊಂಡರು. ಕಿತ್ತು ತೆಗೆದಾಗ ಹುಬ್ಬಿನ ಕೂದಲೂ ಕಿತ್ತುಬಂತು.

"ನಾನು ಹೆದರ್ತೀನಿ ಅಂತ ನಮ್ಮಣ್ಣನೇ ಮೊದಲು ಹೋಗಿ ಮಲಗಿದ್ದ," ಎಂದಳು ಅಜ್ಜಿ. "ನನ್ನದು ಅಲ್ಲಿದ್ರೆ ಅವನದೂ ಇರಬೇಕಲ್ವಾ?"

ಆ ಮಾತು ಸಿಡುಕಿಯ ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ಕಾಲು ಹಿಡಿದುಕೊಂಡರು ಎಂದಾಗಲೇ ಅವಳು ಎದ್ದು ನಿಂತು, ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದಳು. ಅಲ್ಲಿಗೆ ಬಂದು ನೋಡಬೇಕು ಎಂದಳು ಅಜ್ಜಿ. ಕರೆದುಕೊಂಡು ಹೋಗುತ್ತೇನೆ, ನಿನ್ನ ಮುಖ ನಿನ್ನ ಕೈಗೆ ಕೊಡಿಸುತ್ತೇನೆ ಎಂದು ಸಿಡುಕಿ ಮಾತು ಕೊಟ್ಟಳು. ಅಮ್ಮ ಮಿಷನ್ ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಅಷ್ಟು ಕಷ್ಟಪಟ್ಟು ಸಿಕ್ಕ ಸೀಟು, ಬಾಯಿ ಬಿಗಿ ಹಿಡಿದು ಓದು ಮುಗಿಸು ಎಂದು ಬೇಡಿಕೊಂಡಳು. ಸಿಡುಕಿ ಅದನ್ನು ಕಿವಿಯ ಮೇಲೂ ಹಾಕಿಕೊಳ್ಳಲಿಲ್ಲ.

ಅಜ್ಜಿ ಬರುತ್ತಾಳೆ ಎಂದು ತಿಳಿಸಿದ್ದೇ ತಡ, ಮುಖ್ಯಸ್ಥರು ಅದನ್ನೊಂದು ಸಮಾರಂಭ ಮಾಡಿಬಿಟ್ಟರು. ಬಾಗಿಲಲ್ಲಿ ಹೂಕುಂಡ, ಸಾಲಾಗಿ ಕುರ್ಚಿ, ಚಹಾ, ಬಿಸ್ಕತ್ತು, ವಿಶ್ವವಿದ್ಯಾಲಯದ ಫೋಟೊಗ್ರಾಫರ್. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ ಅದರ ನಡುವೆ ಅಜ್ಜಿಯ ಅಚ್ಚನ್ನು ಇಟ್ಟಿದ್ದರು. ಉಳಿದವು ಪೇಪರಿನಲ್ಲಿ ಸುತ್ತಿಕೊಂಡು ಕಪಾಟಿನಲ್ಲೇ ಇದ್ದವು. ಅಜ್ಜಿ ತನ್ನ ಒಳ್ಳೆಯ ಬಟ್ಟೆ ಉಟ್ಟು, ಕೂದಲು ಬಿಗಿಯಾಗಿ ಕಟ್ಟಿ ಬಂದಿದ್ದಳು. ಅವಳು ಕೈ ಚಾಚಿದಾಗ ಮುಖ್ಯಸ್ಥರು ಒಂದು ಜೊತೆ ಕೈಗವಸು ಮುಂದೆ ಹಿಡಿದರು. ಬರಿಗೈಲಿ ಮುಟ್ಟಿದರೆ ಹಾಳಾಗುತ್ತದಮ್ಮ ಎಂದರು.

"ನನ್ನ ಮುಖಾನ ನಾನು ದಿನಾ ಬರಿಗೈಲೇ ತೊಳ್ಕೊಳ್ಳೋದು," ಎಂದು ಅಜ್ಜಿ ಅಚ್ಚನ್ನು ಎತ್ತಿಕೊಂಡಳು.

ಕೆಲವರು ನಕ್ಕರು. ಅಜ್ಜಿ ನಗಲಿಲ್ಲ. ಹೆಬ್ಬೆರಳಿನಿಂದ ಹುಬ್ಬಿನ ಸೀಳನ್ನು ಸವರಿದಳು. ಆಮೇಲೆ ತಲೆ ಎತ್ತಿ ಕಪಾಟಿನ ಕಡೆ ನೋಡಿದಳು. ಏನೋ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಮುಖ್ಯಸ್ಥರು ಭಾಷಣ ಶುರು ಮಾಡಿದರು. ದೊಡ್ಡ ಪ್ರೊಫೆಸರ್ ಅವರ ದೂರದೃಷ್ಟಿ, ಅವರ ಪರಿಶ್ರಮ, ಬಿಸಿಲಲ್ಲಿ ಗಣಿಯವರೆಗೆ ನಡೆದು ಹೋಗುತ್ತಿದ್ದದ್ದು. ಅಂದಿನ ಮಾದರಿಯೊಂದು ಇಂದು ಜೀವಂತವಾಗಿ ನಮ್ಮೆದುರು ನಿಂತಿರುವುದು ವಿಭಾಗದ ಭಾಗ್ಯ ಎಂದರು. ಜನ ಚಪ್ಪಾಳೆ ತಟ್ಟಿದರು. ಫೋಟೊಗ್ರಾಫರ್ ಮುಂದೆ ಬಂದು, ಅಚ್ಚನ್ನು ಮುಖದ ಪಕ್ಕಕ್ಕೆ ಹಿಡ್ಕೊಳ್ಳಿ ಅಜ್ಜಿ, ಸ್ವಲ್ಪ ಕಣ್ಣು ಮುಚ್ಚಿ, ಹಾಂ ಹಾಗೇ, ಎಂದ.

ಅಜ್ಜಿ ಕಣ್ಣು ಮುಚ್ಚಿದ್ದನ್ನು ಸಿಡುಕಿ ನೋಡಿದಳು. ಹೇಳಿದ ತಕ್ಷಣ ಮುಚ್ಚಿದ್ದಳು. ಸಿಡುಕಿ ಎರಡು ಹೆಜ್ಜೆಗೆ ಮೇಜು ದಾಟಿ, ಅಜ್ಜಿಯ ಕೈಯಿಂದ ಅಚ್ಚನ್ನು ಕಿತ್ತುಕೊಂಡು, ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದಳು.

ಪ್ಲಾಸ್ಟರ್ ಚೂರು ಕುರ್ಚಿಗಳ ಕೆಳಗೆಲ್ಲ ಹಾರಿತು. ಸಿಡುಕಿಗೆ ಆ ಗಳಿಗೆಯಲ್ಲಿ ಹಾಯೆನಿಸಿತು. ಅಚ್ಚು ಕೈಗೆ ಸಿಕ್ಕ ದಿನದಿಂದ ಎದೆಯ ಮೇಲೆ ಕೂತಿದ್ದ ಏನೋ ಇಳಿದುಹೋದಂತಾಯಿತು. ಅವಳು ಅಜ್ಜಿಯ ಕಡೆ ತಿರುಗಿದಳು.

ಅಜ್ಜಿ ನಿಧಾನಕ್ಕೆ ಬಗ್ಗಿ ಒಂದು ಚೂರನ್ನು ಎತ್ತಿಕೊಂಡಿದ್ದಳು. ಹುಬ್ಬಿನ ಚೂರು.

"ಅವರು ಮಾಡೋವಾಗ ನನ್ನ ಕೇಳಲಿಲ್ಲ," ಎಂದಳು. "ನೀನು ಒಡೆಯೋವಾಗ ಕೇಳಿದ್ಯಾ?"

ಅಜ್ಜಿ ಮುಖ್ಯಸ್ಥರ ಕಡೆ ತಿರುಗಿ, ನಮ್ಮಣ್ಣನದೂ ಒಂದಿರಬೇಕು, ಅದನ್ನು ತೋರಿಸಿ ಎಂದಳು. ಆದರೆ ಮುಖ್ಯಸ್ಥರ ಮುಖ ಬಿಳಿಚಿಕೊಂಡಿತ್ತು. ಎಲ್ಲರೂ ಹೊರಗೆ ನಡೆಯಿರಿ ಎಂದರು. ಅದೇ ಮೆಲುದನಿಯಲ್ಲಿ. ಬಾಗಿಲಿಗೆ ಬೀಗ ಬಿತ್ತು.

ವಿಚಾರಣೆ ಮುಗಿಯುವವರೆಗೆ ವಿಭಾಗಕ್ಕೆ ಕಾಲಿಡಬಾರದು ಎಂದು ಸಿಡುಕಿಗೆ ಆದೇಶ ಬಂತು. ಬೀಗದಕೈ ಮತ್ತೆ ಗೈಡ್ ಮೇಡಂ ಕೈ ಸೇರಿತು. ಮನೆಯಲ್ಲಿ ಅಜ್ಜಿ ಅವಳ ಜೊತೆ ಮಾತು ಬಿಟ್ಟಳು. ಎದುರಿಗೇ ಕೂತಿದ್ದರೂ, ಅವಳಿಗೆ ಊಟಕ್ಕೆ ಬರೋಕೆ ಹೇಳು ಎಂದು ಅಮ್ಮನಿಗೆ ಹೇಳುವಳು. ಸಿಡುಕಿಗೂ ಸಿಟ್ಟು ಬಂತು. ಒಂದು ಮಧ್ಯಾಹ್ನ ಅಜ್ಜಿ ಅಂಗಡಿಗೆ ಹೋಗಿದ್ದಾಗ ಅಮ್ಮನ ಮೇಲೆ ಹರಿಹಾಯ್ದಳು. ನನ್ನ ಓದು ಪಣಕ್ಕಿಟ್ಟು ಮಾಡಿದೆ, ಅದೆಲ್ಲ ಯಾರಿಗೋಸ್ಕರ ಎಂದಳು.

"ನಿನಗೋಸ್ಕರ," ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತಾ. "ನಿನಗೆ ತಡ್ಕೊಳ್ಳೋಕಾಗಲಿಲ್ಲ, ಅಷ್ಟೇ. ಅವಳು ತಡ್ಕೊಂಡು ನಿಂತಿದ್ದಳು. ಯಾಕೆ ಅಂತ ಕೇಳಿದ್ಯಾ?"

ಆಮೇಲೆ ಅಮ್ಮ ಹೇಳಿದಳು. ಅಚ್ಚು ತೆಗೆದ ಮುಂದಿನ ಮಳೆಗಾಲದಲ್ಲಿ ಗಣಿಯಲ್ಲಿ ಸಿಡಿಮದ್ದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯಿತು. ಅಜ್ಜಿಯ ಅಣ್ಣನನ್ನು ಗೋಣಿಯಲ್ಲಿ ಸುತ್ತಿ ತಂದರು. ಒಂದು ಸಲ ಮುಖ ತೋರಿಸಿ ಎಂದು ಅಜ್ಜಿ ಎಲ್ಲರ ಕಾಲು ಹಿಡಿದಳು. ಯಾರೂ ಬಿಚ್ಚಲಿಲ್ಲ, ಬಿಚ್ಚಿದರೆ ತೋರಿಸಲು ಏನೂ ಉಳಿದಿರಲಿಲ್ಲ. ಹಾಗೇ ಮಣ್ಣು ಮಾಡಿದರು. ಅವನದು ಒಂದು ಫೋಟೊ ಕೂಡ ಇರಲಿಲ್ಲ. ಕಣ್ಣು ಮುಚ್ಚಿದರೆ ಅವನ ದನಿ ಬರುತ್ತೆ, ಮುಖ ಬರಲ್ಲ ಎಂದು ಅಜ್ಜಿ ಒಮ್ಮೆ ಅಮ್ಮನ ಹತ್ತಿರ ಅಂದಿದ್ದಳಂತೆ. ಫೋಟೊಗ್ರಾಫರ್ ಹೇಳಿದ ಹಾಗೆಲ್ಲ ಕುಣಿದದ್ದು ಆ ಕಪಾಟು ತೆರೆಯಲಿ ಎಂದು.

ಸಿಡುಕಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ದಿನ ಬೇರೆಯವರ ಕಡೆ ಉರಿಯುತ್ತಿದ್ದದ್ದು ಈಗ ತನ್ನ ಕಡೆಗೇ ತಿರುಗಿತು. ಅಜ್ಜಿ ಅವತ್ತು ಇದೇ ಕಿಟಕಿಯ ಹತ್ತಿರ ಕೂತು ಹೇಳಿಯೇ ಹೇಳಿದ್ದಳು.

ಮರುದಿನ ಬೆಳಿಗ್ಗೆ ಗೈಡ್ ಮೇಡಂ ಫೋನ್ ಮಾಡಿದರು. ನಿಮ್ಮಜ್ಜಿ ಇಲ್ಲಿ ಬಂದು ಕೂತಿದ್ದಾರೆ ಎಂದರು. ಅಜ್ಜಿ ಅಂಗಡಿಗೆ ಎಂದು ಹೊರಟವಳು ಹಿಂದಿನ ದಿನವೂ ಅಲ್ಲಿಗೇ ಹೋಗಿದ್ದಳಂತೆ. ಒಬ್ಬಳೇ ಬಸ್ಸು ಹಿಡಿದು, ನೀರಿನ ಬಾಟಲಿಯೊಂದಿಗೆ, ಆ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ. ಸಂಜೆ ಕಚೇರಿ ಮುಚ್ಚುವಾಗ ಎದ್ದು ಹೋಗಿ, ಬೆಳಿಗ್ಗೆ ಮತ್ತೆ ಬಂದಿದ್ದಳು. ಅಟೆಂಡರ್ ಕುರ್ಚಿ ತಂದುಕೊಟ್ಟರೆ ಬೇಡ ಎಂದಿದ್ದಳು.

ಆದೇಶ ಏನಿದ್ದರೂ ಸಿಡುಕಿ ಹೋದಳು. ಅವಳನ್ನು ಕಂಡು ಅಜ್ಜಿ ಹುಬ್ಬು ಗಂಟಿಕ್ಕಿದಳು.

"ಯಾಕೆ ಬಂದೆ? ಇನ್ನೇನಾದ್ರೂ ಒಡೆಯೋದು ಉಳಿದಿತ್ತಾ?"

"ತಪ್ಪಾಯ್ತು ಅಜ್ಜಿ."

"ಹೂಂ," ಎಂದಳು ಅಜ್ಜಿ. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಸಿಡುಕಿ ಎದುರಿನ ಗೋಡೆಗೆ ಒರಗಿ ಕೂತಳು. ಓಡಾಡುವ ವಿದ್ಯಾರ್ಥಿಗಳು ಇಬ್ಬರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋದರು. ಹಾಗೇ ಮಧ್ಯಾಹ್ನವಾಯಿತು. ಹಸಿವಾದಾಗ ಅಜ್ಜಿ ಚೀಲದಿಂದ ಬ್ರೆಡ್ಡು ತೆಗೆದು, ಅರ್ಧ ಮುರಿದು, ನೋಡದೆಯೇ ಎದುರಿಗೆ ಚಾಚಿದಳು.

ಕೊನೆಗೆ ಮುಖ್ಯಸ್ಥರೇ ಕೋಣೆಯಿಂದ ಹೊರಗೆ ಬಂದರು. ಅಜ್ಜಿಯ ಮುಂದೆ ಮೊಣಕಾಲೂರಿ ಕೂತು, ಬಹಳ ಮೃದುವಾಗಿ, ಒಂದು ದಾರಿ ಹುಡುಕಿದ್ದೇನೆ ಎಂದರು. ಅಣ್ಣನ ಅಚ್ಚನ್ನು ಒಂದಿಷ್ಟು ಕಾಲದ ಮಟ್ಟಿಗೆ ಮನೆಗೆ ಕೊಡಬಹುದು. ಪ್ರತಿ ವರ್ಷ ತಂದು ತೋರಿಸಿ, ಸಹಿ ಹಾಕಿ, ಮತ್ತೆ ಒಯ್ಯಬೇಕು. ಅದಕ್ಕೆ ಏನಾದರೂ ಆದರೆ ಕುಟುಂಬದ್ದೇ ಹೊಣೆ.

ಅಜ್ಜಿ ಚೀಲವನ್ನು ಪಕ್ಕಕ್ಕೆ ಸರಿಸಿ ಅವರ ಕಡೆ ತಿರುಗಿದಳು.

"ನಮ್ಮಣ್ಣನ್ನ ನನಗೇ ಕಡ ಕೊಡ್ತೀರಾ?" ಎಂದಳು.

ಮುಖ್ಯಸ್ಥರು ನಿಯಮ ವಿವರಿಸತೊಡಗಿದರು. ಸಿಡುಕಿ ಹಲ್ಲು ಕಚ್ಚಿ, ಎರಡೂ ಕೈ ತೊಡೆಯ ಕೆಳಗೆ ತುರುಕಿಕೊಂಡು ಕೂತಿದ್ದಳು. ಅಷ್ಟರಲ್ಲಿ ಗೈಡ್ ಮೇಡಂ ತಮ್ಮ ಕೋಣೆಯಿಂದ ಬಂದರು. ಯಾರಿಗೂ ಏನೂ ಹೇಳದೆ, ಪರ್ಸಿನಿಂದ ಬೀಗದಕೈ ತೆಗೆದು ಬಾಗಿಲು ತೆರೆದರು. ಅವರ ಕಿವಿಯೆಲ್ಲ ಕೆಂಪಾಗಿತ್ತು.

"ತೆಗೆದವಳು ನಾನು ಸರ್. ವಿಚಾರಣೆ ಮಾಡೋದಿದ್ರೆ ನನ್ನನ್ನೂ ಸೇರಿಸಿಕೊಳ್ಳಿ."

ಅಜ್ಜಿ ಗೋಡೆ ಹಿಡಿದು ಎದ್ದಳು. ಸಿಡುಕಿ ಸಹಾಯಕ್ಕೆ ಹೋಗಲಿಲ್ಲ, ಬಾಗಿಲಲ್ಲೇ ನಿಂತಳು. ಅಜ್ಜಿ ಕಪಾಟಿನಿಂದ ಒಂದೊಂದೇ ಉಂಡೆ ಇಳಿಸಿ ಪೇಪರು ಬಿಡಿಸಿದಳು. ಕೆಲವನ್ನು ಗುರುತು ಹಿಡಿದು ಹೆಸರಿನಿಂದ ಕರೆದಳು, ಪಕ್ಕಕ್ಕಿಟ್ಟಳು. ಕಪಾಟಿನ ಕೆಳಗಿನ ಹಲಗೆಗೆ ಬಂದಾಗ ಅವಳ ಕೈ ನಿಂತಿತು.

ಒಬ್ಬ ಎಳೆಯ ಯುವಕನ ಮುಖ. ತುಟಿಯ ಒಂದು ಮೂಲೆ ಸೊಟ್ಟಗಾಗಿತ್ತು. ಗಾರೆ ಬೀಳುವಾಗ ನಗು ತಡೆದುಕೊಂಡವನ ಹಾಗೆ.

"ಇಷ್ಟು ಚಿಕ್ಕವನಾಗಿದ್ನಾ," ಎಂದಳು ಅಜ್ಜಿ. "ದೊಡ್ಡವನು ಅಂತಲೇ ಅನ್ಕೊಂಡಿದ್ದೆನಲ್ಲ."

ಎಲ್ಲರ ಮುಂದೆ ಅಳದವಳು ಅಲ್ಲಿಯೂ ಅಳಲಿಲ್ಲ. ಮನೆಯಿಂದ ತಂದಿದ್ದ ಟವೆಲಿನಲ್ಲಿ ಅದನ್ನು ಸುತ್ತಿ ಚೀಲದೊಳಗಿಟ್ಟು ಹೊರಟಳು. ಮುಖ್ಯಸ್ಥರು ಬಾಗಿಲಲ್ಲಿ ಅಡ್ಡ ನಿಂತಿದ್ದರು. ಮೊದಲ ಬಾರಿಗೆ ಅವರ ದನಿ ಏರಿತು. ಇದು ಸರಿಯಲ್ಲಮ್ಮ ಎಂದರು.

"ಸರಿಯಲ್ಲ ಅಂತ ನನಗೂ ಗೊತ್ತು," ಎಂದಳು ಅಜ್ಜಿ. "ಅವತ್ತಿಂದಾನೂ ಸರಿಯಲ್ಲ. ದಾರಿ ಬಿಡಿ."

ಅವರು ಬಿಟ್ಟರು. ಅಟೆಂಡರ್ ಹೊರಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡ.

ಪೊಲೀಸರಿಗೆ ದೂರು ಕೊಡುತ್ತೇವೆ ಎಂಬ ಮಾತು ಬಂತು. ಪೇಪರಿನವರು ಏನು ಬರೆಯುತ್ತಾರೋ ಎಂಬ ಅಂಜಿಕೆಗೆ ಅದು ಅಲ್ಲೇ ತಣ್ಣಗಾಯಿತು. ಮೇಡಂ ಕೈಯಿಂದ ಆ ಕೋಣೆಯ ಉಸ್ತುವಾರಿ ಕಿತ್ತುಕೊಂಡರು. ಸಿಡುಕಿ ಬರವಣಿಗೆಯಲ್ಲಿ ಕ್ಷಮೆ ಕೇಳಿದರೆ ಎಲ್ಲವನ್ನೂ ಮರೆಯುತ್ತೇವೆ ಎಂದಿತು ಸಮಿತಿ. ಒಡೆದದ್ದು ನನ್ನ ಅಜ್ಜಿಯ ವಸ್ತು, ಅವಳ ಕ್ಷಮೆ ಕೇಳಿದ್ದೇನೆ, ವಿಭಾಗದ ಯಾವುದನ್ನೂ ನಾನು ಒಡೆದಿಲ್ಲ ಎಂದು ಅವಳು ಬರೆದುಕೊಟ್ಟಳು. ಒಂದು ವರ್ಷ ಹೊರಗೆ ಹಾಕಿದರು. ಅಮ್ಮ ಎರಡು ದಿನ ಅತ್ತು, ಆಮೇಲೆ ಇನ್ನೊಂದು ಹಳೇ ಹೊಲಿಗೆ ಮಿಷನ್ ತಂದು ಅವಳ ಮುಂದಿಟ್ಟಳು.

ಅಚ್ಚು ಸ್ವಲ್ಪ ಕಾಲ ಅಜ್ಜಿಯ ಹಾಸಿಗೆಯ ಪಕ್ಕದ ಗೂಡಿನಲ್ಲಿತ್ತು. ಅಜ್ಜಿ ಅದಕ್ಕೆ ದಿನದ ಸುದ್ದಿ ಹೇಳುವುದು, ಕೆಲವೊಮ್ಮೆ ಬೈಯುವುದು ಸಿಡುಕಿಯ ಕಿವಿಗೆ ಬೀಳುತ್ತಿತ್ತು. ಒಂದು ದಿನ ನೋಡಿದರೆ ಗೂಡು ಖಾಲಿ. ಅಜ್ಜಿ ಹಿತ್ತಲ ಕಲ್ಲಿನ ಮೇಲೆ ಕೂತು ಕೈಯ ಮಣ್ಣು ತೊಳೆದುಕೊಳ್ಳುತ್ತಿದ್ದಳು.

"ಅವನ ಹತ್ರ ಇಟ್ಟು ಬಂದೆ," ಎಂದಳು. "ಮುಖ ಇಲ್ಲದೆ ಮಲಗಿಸಿದ್ರು. ಕೊಟ್ಟು ಬಂದೆ."

ಸಿಡುಕಿಗೆ ಸಿಟ್ಟು ನೆತ್ತಿಗೇರಿತು. ಅವಳು ಅದರ ಒಂದು ಫೋಟೊ ಕೂಡ ಇನ್ನೂ ತೆಗೆದಿರಲಿಲ್ಲ. ಅಜ್ಜಿಯ ಒಪ್ಪಿಗೆ ಕೇಳಿ ತೆಗೆಯೋಣ ಎಂದು ಕಾದಿದ್ದಳು. ಜಗತ್ತಿನಲ್ಲಿ ಉಳಿದಿದ್ದ ಒಂದೇ ಒಂದು ಗುರುತು ಮಣ್ಣುಪಾಲಾಯಿತಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ಕಚ್ಚಿ ಹಿಡಿದು, ಚೆಂಬಿನಲ್ಲಿ ಇನ್ನಷ್ಟು ನೀರು ತಂದು ಅಜ್ಜಿಯ ಕೈ ಮೇಲೆ ಸುರಿದಳು.

"ಪರವಾಗಿಲ್ವೇ," ಎಂದಳು ಅಜ್ಜಿ. "ಸುಮ್ಮನಿರೋಕೂ ಬರುತ್ತೆ ನಿನಗೆ."

ವರ್ಷ ಕಳೆದು ಸಿಡುಕಿ ವಿಭಾಗಕ್ಕೆ ಹಿಂದಿರುಗಿದ ದಿನ ಮುಖ್ಯಸ್ಥರು ಎದ್ದು ನಿಂತು ಸ್ವಾಗತಿಸಿದರು. ಆಗಿದ್ದು ಆಗಿಹೋಯಿತು, ಕೋಪ ಎಲ್ಲ ಇಳಿದಿರಬೇಕು ಎಂದು ನಕ್ಕರು.

"ಇಲ್ಲ ಸರ್," ಎಂದಳು ಅವಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಹಿಂದೆ ನಿಂತಿದ್ದ ಸಾಲುಮನೆಯ ಮುದುಕನಿಗೆ ದಾರಿ ಮಾಡಿಕೊಟ್ಟಳು. "ಇವರ ತಾಯಿ ನಿಮ್ಮ ಕಪಾಟಿನಲ್ಲಿದ್ದಾರೆ. ಇವರಿಗೆ ಏನು ಬೇಕೋ ಇವರೇ ಹೇಳ್ತಾರೆ, ಕೇಳಿ."

ಮುದುಕ ಒಳಗೆ ಬಂದು, ಯಾರೂ ಹೇಳುವ ಮುಂಚೆಯೇ ಕುರ್ಚಿ ಎಳೆದುಕೊಂಡು ಕೂತ.